ಹತ್ತು ಲಕ್ಷದನೆಯ ನಂಬರು

ಪ್ರಸೆಟ್‌ನ ಪಿಕಪ್ ಗಾಡಿ ಹಿಂದಕ್ಕೆ ಸರಿಯುವಾಗ ವಿಹಾರದ ಕಂಬಕ್ಕೆ ತಾಗಿ ಅದರ ಹಿಂದಿನ ಒಂದು ದೀಪ ಒಡೆಯಿತು. ಹೋದ ವಾರವಷ್ಟೇ ಭಿಕ್ಷುಗಳು ಆ ಗಾಡಿಯ ಒಳಚಾವಣಿಗೆ ಬಿಳಿ ಗುರುತಿಟ್ಟು ಹರಸಿದ್ದರು. ಆದ್ದರಿಂದ ತಪ್ಪು ಗಾಡಿಯದಲ್ಲ. ಹರಸಿದ ಗಾಡಿಯೊಳಗೇ ಕೂತಿದ್ದ ಪ್ರಸೆಟ್‌ನದೂ ಅಲ್ಲ. ಉಳಿದವಳು ಹೆಂಡತಿ ವಿಲೈ. ಕೊತ್ತಂಬರಿ ತರಲು ಹೇಳಬೇಕೆಂದು ಸರಿಯಾಗಿ ಆ ಗಳಿಗೆಯಲ್ಲೇ ಅವನಿಗೆ ಫೋನ್ ಮಾಡಿದ್ದಳು.

"ನಿನ್ನ ನಂಬರೇ ಸರಿ ಇಲ್ಲ ಕಣೆ," ಎಂದರು ಅತ್ತೆ ಬುನ್‌ಲೊಮ್, ಗಂಜಿಗೆ ಶುಂಠಿ ಹಾಕುತ್ತ.

ಪಕ್ಕದ ಮನೆಯ ಸಂಗ್ವಿಯನ್ ಫೋನ್ ನಂಬರುಗಳ ಫಲ ಹೇಳುವವಳು. ಕರೆಯುವ ಮೊದಲೇ ಬಂದಳು. ವಿಲೈಯ ನಂಬರಿನ ಕೊನೆಯ ಎಂಟು ಅಂಕಿಗಳನ್ನು, 15485863, ಬೆರಳಲ್ಲಿ ಕೂಡಿಸಿದಳು.

"ನಲವತ್ತು. ನಾಲ್ಕರ ಪಕ್ಕ ಸೊನ್ನೆ. ನಾಲ್ಕು ಜನರ ಮನೆ ಸೊನ್ನೆಯಾಗುತ್ತೆ. ಇವತ್ತೇ ಬದಲಾಯಿಸ್ಬೇಕು."

"ಇಲ್ಲಿರೋದು ಮೂರೇ ಜನ ಅಕ್ಕಾ."

"ಗಾಡೀನೂ ಸೇರಿಸ್ಕೊ."

ವಿಲೈ ಗಣಿತದ ಟೀಚರ್. ಆ ಮನೆಯಲ್ಲಿ ಅವಳ ಬೀರುವಿನ ಅರ್ಧ ಅತ್ತೆಯದು, ಭಾನುವಾರ ನಾದಿನಿಯ ಮಕ್ಕಳದು, ಸಂಜೆ ಎಲ್ಲರದು. ಇಡಿಯಾಗಿ ಅವಳದಾಗಿ ಉಳಿದಿದ್ದು ಈ ನಂಬರೊಂದೇ. ಸಿಮ್ ಮಾತ್ರ ಗಂಡನ ಹೆಸರಿನಲ್ಲಿತ್ತು.

ಅವಳು ಶಾಲೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. "ಪಾಪ, ಬದಲಾಯಿಸ್ಬಿಡಿ ಟೀಚರ್. ಪರೀಕ್ಷೆ ಬೇರೆ ಹತ್ರ ಬಂತು," ಎಂದರು ಮುಖ್ಯೋಪಾಧ್ಯಾಯಿನಿ. ಎಲ್ಲರೂ ಹೇಳಿದಷ್ಟೂ ವಿಲೈಯ ಹಠ ಹಲಸಿನ ಮೇಣದಂತೆ ಗಟ್ಟಿಯಾಯಿತು.

ಸಂಜೆ ಅಂಗಳದಲ್ಲಿ ಅರ್ಧ ಬೀದಿ ಸೇರಿತ್ತು. ವಿಲೈ ಬ್ಯಾಗಿನಿಂದ ಸೀಮೆಸುಣ್ಣ ತೆಗೆದು ಎಂಟು ಅಂಕಿಗಳನ್ನು ನೆಲದ ಮೇಲೆ ದೊಡ್ಡದಾಗಿ ಬರೆದಳು.

"ಎರಡರಿಂದ ಭಾಗಿಸಿ, ಶೇಷ ಉಳಿಯುತ್ತೆ. ಮೂರು, ಏಳು, ಹದಿಮೂರು, ಯಾವುದಕ್ಕೂ ಬಗ್ಗಲ್ಲ. ಒಂದು ಮತ್ತೆ ತಾನು, ಅಷ್ಟೆ. ಬೇರೆ ಯಾರೂ ಇದನ್ನ ಸಮಪಾಲು ಮಾಡಕ್ಕಾಗಲ್ಲ. ಇಂಥ ಅವಿಭಾಜ್ಯ ನಂಬರುಗಳನ್ನ ಎರಡರಿಂದ ಶುರುಮಾಡಿ ಸಾಲಾಗಿ ನಿಲ್ಸಿದ್ರೆ, ಸರಿಯಾಗಿ ಹತ್ತು ಲಕ್ಷದನೇ ಜಾಗದಲ್ಲಿ ನಿಲ್ಲೋದು ಇದೇ. ಒಂದು ಹಿಂದೂ ಇಲ್ಲ, ಒಂದು ಮುಂದೂ ಇಲ್ಲ. ನಾನು ಬದಲಾಯಿಸಲ್ಲ."

ಸಂಗ್ವಿಯನ್ ಬಗ್ಗಿ ನೆಲದ ಮೇಲಿನ ಅಂಕಿಗಳನ್ನು ನೋಡಿದಳು.

"ಹತ್ತು ಲಕ್ಷ," ಎಂದಳು ಸಂಗ್ವಿಯನ್ ಮೆಲ್ಲಗೆ. "ಯಾರೂ ಪಾಲು ಕೇಳಂಗಿಲ್ಲ." ಕನ್ನಡಕ ಒರೆಸಿಕೊಂಡು ಮತ್ತೆ ಕೂಡಿಸಿದಳು. "ನಲವತ್ತೇ. ನಾಲ್ಕು ದಿಕ್ಕು, ಸೊನ್ನೆ ಅಂದ್ರೆ ತುಂಬಿದ ಕೊಡ. ಬೆಳಿಗ್ಗೆ ನಾನು ಬರಿಹೊಟ್ಟೇಲಿದ್ದೆ, ತಪ್ಪಾಗೋಯ್ತು."

ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ವಿಲೈ ಆ ಅಂಗಳದಲ್ಲಿ ಗೆದ್ದಿದ್ದಳು. ಮೈ ಹಗುರವಾಯಿತು. ಆ ಹಗುರ ಅತ್ತೆ ಎದ್ದು ನಿಲ್ಲುವವರೆಗೆ ಇತ್ತು.

"ಇಂಥ ನಂಬರು ಮನೆಯ ಹಿರಿಯರ ಹತ್ರ ಇರ್ಬೇಕು," ಎಂದರು ಬುನ್‌ಲೊಮ್. "ಮಗಾ, ಸಿಮ್ ನಿನ್ನ ಹೆಸರಲ್ಲೇ ಇದೆಯಲ್ಲ?"

ಪ್ರಸೆಟ್ ಆಗಲೇ ಫೋನ್ ಅಂಗಡಿಗೆ ಹೊರಡಲು ಗಾಡಿಯ ಕೀ ಹಿಡಿದಿದ್ದ.

ಏಳು ಗಂಟೆಗೆ ಹತ್ತು ಲಕ್ಷದನೆಯದು ಅತ್ತೆಯ ಫೋನಿನಲ್ಲಿತ್ತು. ಅತ್ತೆಯ ಹಳೆಯ ನಂಬರು ವಿಲೈಯ ಪಾಲಿಗೆ ಬಂದಿತ್ತು. ಮೆಟ್ಟಿಲ ಮೇಲೆ ಕೂತು ಅದನ್ನು ಭಾಗಿಸಿ ನೋಡಿದಳು. ಎರಡು ಹೋಯಿತು, ಮೂರು ಹೋಯಿತು, ಐದೂ ಹೋಯಿತು. ಏಳು ಹಾಕುವಷ್ಟರಲ್ಲಿ ಫೋನ್ ರಿಂಗಾಯಿತು.

"ಬುನ್‌ಲೊಮ್ ಅಮ್ಮ ಅಲ್ವಾ? ನಾಳೆ ವಿಹಾರದಲ್ಲಿ ಇನ್ನೂರು ಜನರ ಅಡುಗೆ. ಪಾತ್ರೆ ತಿಕ್ಕೋಕೆ ಸೊಸೇನ ಕಳಿಸ್ತೀನಿ ಅಂದಿದ್ರಲ್ಲ?"

ವಿಲೈ ಗಂಟಲು ಸರಿಮಾಡಿಕೊಂಡು ಅತ್ತೆಯ ದನಿ ತೆಗೆದಳು.

"ಸೊಸೆ ಬರಲ್ಲಮ್ಮ. ನಾನೇ ಬರ್ತೀನಿ."