ರವೆ ಉಂಡೆಯ ಹಕ್ಕಿಗೂಡು

ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎನ್ನುತ್ತಾರೆ. ಸರಿಯೇ. ಆದರೆ ಬೇರೆ ಯಾರೂ ಆ ಕೆಲಸಕ್ಕೆ ಮುಂದೆ ಬರದಿದ್ದರೆ ಮನುಷ್ಯ ಎಷ್ಟು ಕಾಲ ಅಂತ ಕಾಯಬೇಕು? ಹಾಗಾಗಿ ನಾನೇ ಹೇಳಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ, ಹುಲ್ಲುಕಡ್ಡಿಗೂ ಪೈಪಿನಲ್ಲಿ ನೀರು ಬಿಡಬೇಕಾದ ಕತಾರಿನಲ್ಲಿ ಕುಳಿತು, ವಿಕ್ಟೋರಿಯಾ ರಾಣಿಯ ಕಾಲದವರ ಹಾಗೆ ಹಕ್ಕಿಗೂಡಿನ ಜಲವರ್ಣ ಚಿತ್ರ ಬರೆದ ಮೈಸೂರಿನವನು ನಾನೊಬ್ಬನೇ. ಇನ್ನೊಬ್ಬನಿದ್ದರೆ ತೋರಿಸಿ, ನೋಡೋಣ.

ನನ್ನದು ದೋಹಾದ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ನಮ್ಮ ಬಾಸಿನ ಹೆಂಡತಿ ಹೆಲೆನ್ ಮೇಡಂ ಶುಕ್ರವಾರ ಬೆಳಿಗ್ಗೆ ಅಬು ಹಮೂರಿನ ತಮ್ಮ ವಿಲ್ಲಾದಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದರು. ಬಾಸಿನ ಕಣ್ಣಿಗೆ ಬೀಳೋಣ ಎಂದು ಸೇರಿದವನು ಬಣ್ಣಕ್ಕೇ ಅಂಟಿಕೊಂಡೆ. ಅವರ ಗೋಡೆಯ ಮೇಲೆ ಮುತ್ತಜ್ಜಿಯ ಕಾಲದ ಚಿತ್ರವೊಂದಿತ್ತು. ಪಾಚಿಯ ದಿಬ್ಬ, ಅದರ ಮೇಲೊಂದು ಗೂಡು, ಒಳಗೆ ನೀಲಿ ಮೊಟ್ಟೆಗಳು. ಕಾಗದಕ್ಕೆ ಮೊದಲು ದಪ್ಪ ಬಿಳಿ ಬಣ್ಣ ಬಳಿದು, ಒಣಗಿದ ಮೇಲೆ ಕೂದಲೆಳೆಯಷ್ಟು ಸಣ್ಣ ಕುಂಚದಿಂದ ಚುಕ್ಕೆ ಚುಕ್ಕೆಯಾಗಿ ಬರೆದದ್ದು. ಮುಟ್ಟಿದರೆ ಮೊಟ್ಟೆ ಬೆಚ್ಚಗಿದ್ದೀತು ಅನ್ನಿಸುತ್ತಿತ್ತು. "ಎಲ್ಲರೂ ಹೀಗೊಂದು ಗೂಡು ಬರೆಯಿರಿ, ಪ್ರದರ್ಶನಕ್ಕೆ ಹಾಕೋಣ. ಆದರೆ ಎದುರಿಗಿರುವುದನ್ನು ನೋಡಿಯೇ ಬರೆಯಬೇಕು. ಕಲ್ಪನೆ ಮಾಡಿ ಬರೆದದ್ದು ಗೋಡೆಗೇರುವುದಿಲ್ಲ" ಎಂದರು ಮೇಡಂ.

ಗೋಡೆಗೇರಲೇಬೇಕು ಎಂದು ನಾನು ಹಟ ಹಿಡಿದೆ. ನಮ್ಮ ಎ.ಸಿ. ಹಿಂದೆ ಪಾರಿವಾಳ ಗೂಡು ಕಟ್ಟಿತ್ತು, ನಿಜ. ಅದನ್ನು ಗೂಡು ಎನ್ನಲು ಬಾಯಿ ಬರದು. ನಾಲ್ಕು ಕಡ್ಡಿ, ಪಕ್ಕದ ಕಟ್ಟಡದಿಂದ ಎತ್ತಿಕೊಂಡು ಬಂದ ಎರಡು ತುಂಡು ತಂತಿ. ಅದಾದರೂ ಆಗಲಿ ಎಂದು ಕಿಟಕಿಯಿಂದ ಅರ್ಧ ಮೈ ಹೊರಚಾಚಿದೆ. "ಯಲ್ಲಾ, ಅಂದರ್ ಜಾವ್!" ಎಂದು ಕೆಳಗಿನಿಂದ ವಾಚ್‌ಮನ್ ಕಿರುಚಿದ. ಪಾರಿವಾಳ ಬೆದರಿ ಹಾರಿತು, ಅದರ ರೆಕ್ಕೆ ಬಡಿದು ಕಡ್ಡಿ ತಂತಿಯೆಲ್ಲ ಕೆಳಗೆ ಬಿತ್ತು.

ಕೊನೆಗೆ ದಾರಿ ತೋರಿಸಿದವಳು ನನ್ನ ಹೆಂಡತಿ ಶಾರದೆ. ತೆಂಗಿನಕಾಯಿಯ ನಾರು ಬಿಡಿಸಿ, ಬಟ್ಟಲಿನ ಬುಡಕ್ಕೆ ಸುತ್ತಿ ಗೂಡು ಮಾಡಿಕೊಟ್ಟಳು. "ಮೊಟ್ಟೆ?" ಎಂದೆ. "ಮೊಟ್ಟೆಗಿಟ್ಟೆ ಈ ಮನೆ ಹೊಸಿಲು ದಾಟಕೂಡ್ದು. ರವೆ ಉಂಡೆ ಕಟ್ಕೊಡ್ತೀನಿ, ನೋಡ್ಕೊಂಡು ಬರೀರಿ" ಎಂದಳು. ಸ್ವಲ್ಪ ಉದ್ದುದ್ದಕ್ಕೆ ಕಟ್ಟಿದಳು. ಮೇಲೆ ಏಲಕ್ಕಿಯ ಕರಿ ಚುಕ್ಕೆಗಳು ಬೇರೆ! ಎ.ಸಿ. ಹಾಕಿದರೆ ಬಣ್ಣ ಕುಂಚದಲ್ಲೇ ಒಣಗುತ್ತಿತ್ತು, ಆರಿಸಿದರೆ ನನ್ನ ಬೆವರು ಕಾಗದಕ್ಕೆ ತೊಟ್ಟಿಕ್ಕುತ್ತಿತ್ತು. ಜೊತೆಗೆ ಕಲಾವಿದನಿಗೂ ಹಸಿವೆಯಾಗುತ್ತದಲ್ಲ! ಐದು ಮೊಟ್ಟೆಯ ಗೂಡು ಚಿತ್ರ ಮುಗಿಯುವಷ್ಟರಲ್ಲಿ ಮೂರು ಮೊಟ್ಟೆಯದಾಗಿತ್ತು.

ಪ್ರದರ್ಶನದ ದಿನ ನನ್ನ ಚಿತ್ರದ ಮುಂದೆಯೇ ಗುಂಪು. ರಾಸ್ ಲಫಾನಿನ ಗ್ಯಾಸ್ ಘಟಕದ ಇಂಗ್ಲಿಷ್ ಎಂಜಿನಿಯರ್ ಒಬ್ಬರು, ಹಕ್ಕಿ ನೋಡುವ ಹುಚ್ಚಿನವರು, ಇವು ಲಾರ್ಕ್ ಹಕ್ಕಿಯ ಮೊಟ್ಟೆ ಎಂದರು. ಅಲ್ಲ, ಬುಲ್‌ಬುಲ್‌ನದು ಎಂದರು ಇನ್ನೊಬ್ಬರು. ಜಗಳವೇ ಶುರುವಾಯಿತು. ನಾನು ಉಬ್ಬಿಹೋದೆ. ಅಷ್ಟರಲ್ಲಿ ಎಂಜಿನಿಯರ್, "ಈ ಗೂಡು ಎಲ್ಲಿದೆ? ನಾನೇ ಬಂದು ನೋಡಬೇಕು" ಅಂದುಬಿಟ್ಟರು. ನಿಜ ಹೇಳಿದರೆ ಚಿತ್ರ ಗೋಡೆಯಿಂದಿಳಿದೀತು. ಆದರೆ ತನ್ನ ಉಂಡೆಯ ಕೀರ್ತಿ ಯಾವುದೋ ಹಕ್ಕಿಗೆ ಹೋಗುವುದನ್ನು ಶಾರದೆ ಸಹಿಸಬೇಕಲ್ಲ? "ನೋ ಬರ್ಡ್ ಸರ್, ಐ ಮೇಡ್!" ಎಂದವಳೇ ಟೀ ಜೊತೆಗೆಂದು ತಂದಿದ್ದ ಡಬ್ಬಿ ತೆರೆದಳು.

ಎಂಜಿನಿಯರ್ ಒಂದು ಉಂಡೆ ಎತ್ತಿ, ಚಿತ್ರದ ಪಕ್ಕ ಹಿಡಿದು ನೋಡಿ, ಬಾಯಿಗೆ ಹಾಕಿಕೊಂಡು ತಲೆಯಾಡಿಸಿದರು. ಹೆಲೆನ್ ಮೇಡಂ ನಗು ತಡೆಯಲಾಗದೆ, "ಎದುರಿಗಿದ್ದದ್ದನ್ನೇ ಬರೆದಿದ್ದಾರೆ, ಚಿತ್ರ ಅಲ್ಲೇ ಇರಲಿ" ಎಂದು ತೀರ್ಪು ಕೊಟ್ಟರು. ಪ್ರಮೋಶನ್ ಬಂದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಶಾರದೆಯ ಮೇಲಂತೂ ಇನ್ನೂ ಹೆಮ್ಮೆಯಾಯಿತು.

ಆಮೇಲೆ ಚಿತ್ರ ನಮ್ಮ ಮನೆಯ ಹಾಲ್‌ನ ಗೋಡೆಗೆ ಬಂತು. ಚಳಿಗಾಲದಲ್ಲಿ ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಅತ್ತೆ ಬಂದರು. ಈ ಕಥೆಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಚಿತ್ರ ನೋಡಿ, "ರವೆ ಸರಿಯಾಗಿ ಹುರಿದಿಲ್ಲ ಕಣೇ ಶಾರದಾ" ಎಂದರು. ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಕಲಾವಿದನಿಗೆ ಸಿಕ್ಕೀತು! ಶಾರದೆ ಮಾತ್ರ ಮುಖ ಊದಿಸಿಕೊಂಡು, "ನಾನು ಚೆನ್ನಾಗೇ ಹುರಿದಿದ್ದೆ, ನೀವು ಬರೆದಿರೋದೇ ಹಸಿಹಸಿ. ತಿದ್ರಿ" ಎಂದಳು. ಕಂಡದ್ದನ್ನು ಕಂಡಂತೆ ಬರೆಯುವುದೇ ನನ್ನ ವ್ರತ, ಒಂದು ಚುಕ್ಕೆಯನ್ನೂ ಬದಲಿಸುವವನಲ್ಲ ಎಂದು ಇಡೀ ಮನೆಗೆ ಕೇಳುವಂತೆ ಸಾರಿದೆ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ, ಸದ್ದಾಗದಂತೆ ಕಂದು ಬಣ್ಣ ಕಲಸಿಕೊಂಡು ಕುಳಿತು ರವೆಯನ್ನು ಹದವಾಗಿ ಹುರಿದೆ.