ಬಡವರನ್ನು ಹುಡುಕಿ ಹೊರಟ ಬಸಂತರಾಯ

ಕರಿಹಾಳ ಎಂಬ ಹೆಸರಿನ ಊರು ಎರಡಿದ್ದವು. ಒಂದು ಇಂಡಿ ತಾಲೂಕಿನದು, ಇನ್ನೊಂದು ಸಿಂದಗಿ ತಾಲೂಕಿನದು. ಧಾರವಾಡದ ಪ್ರೊಫೆಸರ್ ದೇಸಾಯಿಯವರು ತಮ್ಮ ಶಿಷ್ಯ ಬಸಂತರಾಯನನ್ನು ಕಳಿಸಿದ್ದು ಇಂಡಿಯ ಕರಿಹಾಳಕ್ಕೆ. ಅವನು ಬಿಜಾಪುರದ ಸ್ಟ್ಯಾಂಡಿನಲ್ಲಿ ನಿದ್ದೆಗಣ್ಣಿನಲ್ಲಿ ಹತ್ತಿದ್ದು ಇನ್ನೊಂದರ ಬಸ್ಸನ್ನು. ಬಸ್ಸು ಧೂಳೆಬ್ಬಿಸಿ ಹೋದ ಮೇಲೆ ವಿಷಯ ತಿಳಿಯಿತು. ವಾಪಸು ಬಸ್ಸು ಮೂರು ಗಂಟೆಗೆ. ‘ಬಡತನಕ್ಕೆ ಯಾವ ತಾಲೂಕಾದರೇನು’ ಎಂದುಕೊಂಡು ಊರಿನ ಅಗಸಿಬಾಗಿಲ ಕಟ್ಟೆಯ ಮೇಲೆ ಸಮೀಕ್ಷೆಯ ಫಾರ್ಮು ಬಿಚ್ಚಿ ಕೂತ.

ಅದು ಎಪ್ಪತ್ನಾಲ್ಕನೆಯ ಇಸವಿ. ಬಡವರ ಮಕ್ಕಳು ಮೇಲೆ ಬರುತ್ತಾರೆಯೇ ಎಂದು ಬಸಂತರಾಯ ಮೂರು ವರ್ಷದಿಂದ ಸಂಶೋಧನೆ ನಡೆಸಿದ್ದ. ಉತ್ತರ ಪ್ರೊಫೆಸರರ ಹತ್ತಿರ ಮೊದಲೇ ತಯಾರಿತ್ತು: ಬರುವುದಿಲ್ಲ. ಕುರಿ ಕಾಯುವವನ ಮಗ ಕುರಿಯ ಹಿಂದೆಯೇ ಉಳಿಯುತ್ತಾನೆ. “ನಮ್ಮ ವಾಡೇದಾಗ ನಾ ಸಣ್ಣಾಂವಿದ್ದಾಗಿಂದ ನೋಡೀನಿ” ಎಂದು ಅವರು ಪ್ರತಿ ಭಾಷಣದಲ್ಲೂ ತಮ್ಮ ಜಮೀನ್ದಾರಿ ಮನೆತನವನ್ನು ನೆನೆದು ಹೇಳುತ್ತಿದ್ದರು. ಅದಕ್ಕೆ ಕೊನೆಯ ನಲವತ್ತು ಫಾರ್ಮು ತರುವುದಷ್ಟೇ ಬಸಂತರಾಯನ ಕೆಲಸ. ಪ್ರೊಫೆಸರು ಅಂದು ಸಂಜೆ ಬಿಜಾಪುರದ ಸರಕಾರಿ ಬಂಗ್ಲೆಗೆ ಬರುವವರಿದ್ದರು. ಅವರು ಒಪ್ಪಿದರೆ ಪ್ರಬಂಧ ಮುಗಿಯಿತು. ಜೂನಿಗೆ ಲೆಕ್ಚರರ್ ನೌಕರಿ, ಅದರ ಬೆನ್ನಿಗೆ ಮದುವೆ. ಅವನ ವಯಸ್ಸಾಗಲೇ ಮೂವತ್ತೊಂದು.

“ನಿಮ್ಮ ಹೊಲ ಎಷ್ಟೈತ್ರಿ?” ಎಂದು ಮೊದಲು ಸಿಕ್ಕವರನ್ನು ಕೇಳಿದ. ಸಿಕ್ಕವರು ಗುರುಲಿಂಗಪ್ಪ. ಊರಿನ ಯಾರ ಮನೆಯಲ್ಲಿ ಒಗ್ಗರಣೆ ಸಿಡಿದರೂ ಸೀನುವ ಮನುಷ್ಯ.

ಅರ್ಧ ತಾಸಿನಲ್ಲಿ ಊರ ತುಂಬ ಸುದ್ದಿ: ಸರಕಾರಕ್ಕ ಜೋಳ ವಸೂಲಿ ಮಾಡೋ ಲೇವಿ ಸಾಹೇಬರು ಬಂದಾರ! ಚೀಲಗಳು ನೆಲದೊಳಗಿನ ಹಗೇವು ಸೇರಿದವು, ಎಮ್ಮೆಗಳು ಹಳ್ಳದ ಕಡೆ ಹೋದವು. ಬೆರಳಿಗೆ ಬಂಗಾರದ ಉಂಗುರ ಇಟ್ಟ ಗುರುಲಿಂಗಪ್ಪ ಕೈ ಹಿಂದೆ ಕಟ್ಟಿಕೊಂಡು ನಿಂತರು.

“ನನಗೇನೈತ್ರಿ ಸಾಹೇಬ್ರ? ಅಂಗಿ ಒಂದ ನಂದು, ಗುಂಡಿ ಮಂದೀವು.”

ಮಾಳಿಗೆಯ ಮೇಲೆ ಮಾಳಿಗೆ ಕಟ್ಟಿದವರೂ ಒಂದೇ ಹೊತ್ತು ಊಟ ಎಂದು ಬರೆಸಿದರು. ಬಸಂತರಾಯನಿಗೆ ಮೊದಲು ಖುಷಿಯಾಯಿತು, ಆಮೇಲೆ ಅನುಮಾನ ಬಂತು. ಎದ್ದು ನಿಂತು ಕೂಗಿ ಹೇಳಿದ:

“ನಾ ಲೇವಿ ಸಾಹೇಬ ಅಲ್ರಿ! ಕಾಲೇಜಿನ್ಯಾಂವ. ಇನ್ನೂ ಮದಿವಿ ಸುದ್ದಾ ಆಗಿಲ್ಲ!”

ಕೊನೆಯ ಮಾತು ಬೇಕಿರಲಿಲ್ಲ. ಗುರುಲಿಂಗಪ್ಪನವರ ಕಿವಿ ಮೊಲದ ಕಿವಿಯಂತೆ ನೆಟ್ಟಗಾದವು. ಹಳ್ಳಕ್ಕೆ ಹೋದ ಎಮ್ಮೆಗಳು ಬೀಗರೂರಿನ ಎಮ್ಮೆಗಳನ್ನೂ ಕರೆದುಕೊಂಡು ತಿರುಗಿ ಬಂದವು.

“ಮುಂಜಾನಿ ಬರಸಿದ್ದ ಹೊಡದ ಹಾಕ್ರಿ. ನಲವತ್ತೆಕರೆ ಐತಿ, ಎಲ್ಲಾ ಎರಿ ಭೂಮಿ. ಮಗಳು ಸಾಲ್ಯಾಗ ಏಳನೆತ್ತಾ ಪಾಸ್ ಆಗ್ಯಾಳ, ಕರಿಲ್ರಿ?” ಎಂದರು ಗುರುಲಿಂಗಪ್ಪ.

ಪಂಚವಾರ್ಷಿಕ ಯೋಜನೆಗಳಿಂದ ಆಗದ್ದು ಆಯಿತು. ಹತ್ತು ಗಂಟೆಗೆ ಭಿಕಾರಿಯಾಗಿದ್ದ ಊರು ಹನ್ನೆರಡಕ್ಕೆ ಶ್ರೀಮಂತವಾಯಿತು. ಫಾರ್ಮುಗಳು ಹೊಡೆದು ತಿದ್ದಿ ಕೋಳಿ ಕೆದರಿದ ತಿಪ್ಪೆಯಂತಾದವು.

ತಿದ್ದುವ ಗೊಡವೆಯಿಲ್ಲದೆ ಉಳಿದ ಫಾರ್ಮು ಒಂದೇ, ಮುದುಕಿ ಸಿದ್ದಲಿಂಗವ್ವನದು. ಮುಂಜಾನೆಯೂ ಹನ್ನೆರಡು ಕುರಿ ಎಂದಿದ್ದಳು, ಮಧ್ಯಾಹ್ನವೂ ಹನ್ನೆರಡೇ ಎಂದಳು. ಬಸಂತರಾಯ ಅವಳ ಗುಡಿಸಲ ಮುಂದೆ ಕೂತು ಉಳಿದ ಪ್ರಶ್ನೆ ಕೇಳಿದ.

“ಮಕ್ಕಳೆಷ್ಟು ಮಂದಿ ಯವ್ವಾ?”

“ಇಬ್ರಪಾ. ದೊಡ್ಡಾಂವ ಕುರಿ ಕಾಯ್ತಾನ. ಸಣ್ಣಾಂವ ಬೀರಣ್ಣ ಧಾರವಾಡದಾಗ ದೊಡ್ಡ ಮಾಸ್ತರ ಅದಾನ. ಬಡವರು ಯಾಕ ಬಡವರಾಗೇ ಉಳೀತಾರ ಅಂತ ಪುಸ್ತಕ ಬರೀತಾನಂತ.”

ಬಸಂತರಾಯನ ಪೆನ್ನು ನಿಂತಿತು. ಮುದುಕಿ ಒಳಗಿನಿಂದ ಫೋಟೋ ತಂದು ಸೆರಗಿನಿಂದ ಒರೆಸಿ ಕೊಟ್ಟಳು. ಅದೇ ದಪ್ಪ ಕನ್ನಡಕ, ಅದೇ ಬಿಗಿದ ತುಟಿ. ಪ್ರೊಫೆಸರ್ ದೇಸಾಯಿ!

“ಊರಿಗೆ ಬರ್ತಾರೇನು?”

“ಹತ್ತ ವರ್ಷಾತು. ಸೀರಿ ಕಳಸ್ತಾನ, ತಾ ಬರಂಗಿಲ್ಲ. ಕೆಲಸ ಭಾಳ ಅಂತ ಕೂಸಿಗೆ.”

ಬಸಂತರಾಯನ ಬಾಯಿ ಮತ್ತೆ ಕೆಟ್ಟಿತು. “ಇವತ್ತ ಸಂಜೀಕ ಬಿಜಾಪುರದಾಗ ಇರ್ತಾರಲ್ಲ...”

ಮುದುಕಿ ಆಗಲೇ ಕಂಬಳಿ ಝಾಡಿಸಿ ಹೆಗಲಿಗೆ ಹಾಕಿದ್ದಳು.

ಬಸ್ಸಿನಲ್ಲಿ ಅವನಿಗೆ ಜೀವವೇ ಇರಲಿಲ್ಲ. ವಾಡೆಯ ದೇಸಾಯರ ಮುಂದೆ ಈಕೆಯನ್ನು ನಿಲ್ಲಿಸಿದರೆ ನೌಕರಿ ಅಲ್ಲಿಗೆ ಮುಗಿಯಿತು. ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ಗದ್ದಲದಲ್ಲಿ ಜಾರಿಕೊಳ್ಳಬಹುದಿತ್ತು. ಎರಡು ಹೆಜ್ಜೆ ಇಟ್ಟೂ ಇಟ್ಟ. ಹಿಂದಿನಿಂದ ಮುದುಕಿ ಕರೆದಳು. “ಮುಂಜಾನಿಂದ ಏನೂ ತಿಂದಿಲ್ಲ ನೀ. ತೊಗೊ ಮಗಾ.” ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಚ್ಚಿ ಮಡಚಿ ಹಿಡಿದಿದ್ದಳು. ಅದನ್ನು ತಿಂದ ಮೇಲೆ ಓಡಿಹೋಗುವುದು ಅವನಿಂದಾಗಲಿಲ್ಲ.

ಬಂಗ್ಲೆಯ ವರಾಂಡದಲ್ಲಿ ಪ್ರೊಫೆಸರು ಕಾಲೇಜಿನ ಮೂವರೊಡನೆ ಚಹಾ ಕುಡಿಯುತ್ತಿದ್ದರು. ಕಂಬಳಿ ಕಂಡಿತು, ಕಂಬಳಿಯೊಳಗಿನ ಮುಖ ಕಂಡಿತು. ಪ್ರೊಫೆಸರು ಚಹಾದ ಕಪ್ಪು ಕೆಳಗಿಟ್ಟು ಎದ್ದರು. ಬಸಂತರಾಯ ಕಣ್ಣು ಮುಚ್ಚಿಕೊಂಡ.

ಕಣ್ಣು ತೆರೆದಾಗ ಪ್ರೊಫೆಸರು ಮೆಟ್ಟಿಲಿಳಿದು ಬಂದು ಮುದುಕಿಯ ಪಾದ ಹಿಡಿದಿದ್ದರು. “ಯವ್ವಾ...” ಆಮೇಲೆ ಆ ಮೂವರ ಕಡೆ ತಿರುಗಿ ಹೇಳಿದರು, “ಇಕಿ ನಮ್ಮವ್ವ. ಕುರಿ ಕಾಯ್ದು ನನಗ ಸಾಲಿ ಕಲಿಸಿದಾಕಿ. ವಾಡೇ ಸುದ್ದಿ, ದೇಸಾಯಿ ಅನ್ನೋ ಹೆಸರು, ಎಲ್ಲಾ ನಾ ಹುಟ್ಟಿಸಿದ್ದು.”

ಬಸಂತರಾಯನ ಕಣ್ಣು ತುಂಬಿದವು. ನೌಕರಿ ಉಳಿಯಿತು!

ಪ್ರೊಫೆಸರು ಕನ್ನಡಕ ಒರೆಸಿ ಅವನ ಹೆಗಲ ಮೇಲೆ ಕೈಯಿಟ್ಟರು. “ನೀ ನನ್ನ ಕಣ್ಣ ತೆರಿಸಿದಿ ತಮ್ಮಾ. ಕುರಿ ಕಾಯಾವರ ಮಗ ಮ್ಯಾಲ ಬರಂಗಿಲ್ಲ ಅಂತ ಇಷ್ಟ ದಿನ ಬರದದ್ದೆಲ್ಲಾ ಸುಳ್ಳು.”

“ಹಂಗಾದ್ರ ನನ್ನ ಪ್ರಬಂಧ, ಸರ್?”

“ಅದೂ ಸುಳ್ಳಽ. ಇನ್ನೊಂದ ಮೂರ ವರ್ಷ ಕೂಡು. ಮೊದಲಿಂದ ಸುರು ಮಾಡೂಣು.”

ಬಸಂತರಾಯ ಮೆಟ್ಟಿಲ ಮೇಲೆ ಕುಸಿದು ಕೂತ.

“ಯಾಕೋ ಬೀರ್ಯಾ, ಈ ಹುಡುಗ ಅಳಾಕತ್ತಾನಲ್ಲ?” ಎಂದಳು ಮುದುಕಿ.

“ನಮ್ಮನ್ನ ನೋಡಿ ಅವಂಗ ಭಾಳ ಸಂತೋಷ ಆಗೇತಬೇ,” ಎಂದರು ಪ್ರೊಫೆಸರು.