ಸುಧಾಳ ನೃತ್ಯಕ್ಕೆ ನಾನು ತಂದ ಆರ್ಕೆಸ್ಟ್ರಾ

ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಹದಿನೆಂಟು ವರ್ಷದಿಂದ ಮರ್ಚಂಡೈಸರ್ ಆಗಿರುವ ನನಗೆ ಸ್ಯಾಂಪಲ್ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ವಿದೇಶದ ಗಿರಾಕಿ ಒಂದು ಟೀ ಶರ್ಟು ಕಳಿಸುತ್ತಾನೆ. ಅದನ್ನು ನೋಡಿಕೊಂಡು ನಾವು ಅಂಥವೇ ಸಾವಿರಾರು ಹೊಲಿಸಿ ಹಡಗು ಹತ್ತಿಸುತ್ತೇವೆ. ಇಷ್ಟು ಅನುಭವವುಳ್ಳ ಮನುಷ್ಯ ಹೆಂಡತಿ ಹೇಳಿದ ಒಂದು ಸಣ್ಣ ಕೆಲಸವನ್ನು ಕೆಡಿಸಬಲ್ಲನೇ? ಕೆಡಿಸಬಲ್ಲ.

ನಾವು ಹಾಸನದ ಕಡೆಯವರು, ಈಗ ಇರುವುದು ತಿರುಪ್ಪೂರಿನ ಪಕ್ಕದ ಅವಿನಾಶಿಯಲ್ಲಿ. ನನ್ನ ಹೆಂಡತಿ ಸುಧಾ ನಲವತ್ತೇಳನೆಯ ವಯಸ್ಸಿನಲ್ಲಿ, ಬೆನ್ನುನೋವಿಗೆ ಯಾವುದಾದರೂ ವ್ಯಾಯಾಮ ಹುಡುಕಲು ಹೋಗಿ, ಕೊಯಮತ್ತೂರಿನ ಬೆಲ್ಲಿ ಡಾನ್ಸ್ ತರಗತಿಗೆ ಸೇರಿಕೊಂಡಳು. ಊರಿನ ನೆಂಟರಿಗೆ ಯೋಗ ಎಂದು ತಿಳಿಸಲಾಯಿತು. ಬೆನ್ನುನೋವು ಹೋಯಿತು, ಅವಳು ಮಾತ್ರ ತರಗತಿ ಬಿಡಲಿಲ್ಲ. ವರ್ಷವಾದ ಮೇಲೆ ಟೀಚರ್ ರೇವತಿ, ವಿದ್ಯಾರ್ಥಿಗಳ ಮನೆಯವರನ್ನೆಲ್ಲ ಕರೆದು ಒಂದು ಚಿಕ್ಕ ಪ್ರದರ್ಶನ ಇಟ್ಟುಕೊಂಡರು. ಉಳಿದವರಿಗೆ ಮೂರು ನಿಮಿಷದ ಕುಣಿತದ ಹಾಡುಗಳು. ಸುಧಾಗೆ ಮಾತ್ರ ಈಜಿಪ್ಟಿನ ಹಳೆಯ ವಾದ್ಯವೃಂದದ ಎಂಟು ನಿಮಿಷದ ಸಂಗೀತ.

ಅದು ಸುಲಭದ್ದಲ್ಲ ಎಂದು ಅಡುಗೆಮನೆಯಲ್ಲೇ ನನಗೆ ತೋರಿಸಿದ್ದಳು. ಪಿಟೀಲುಗಳೆಲ್ಲ ಒಟ್ಟಿಗೆ ಎದ್ದಾಗ ವೇದಿಕೆಯ ಉದ್ದಕ್ಕೂ ತೇಲಿದ ಹಾಗೆ ನಡೆಯಬೇಕು. ಕೊಳಲೊಂದೇ ಉಳಿದಾಗ ನಿಂತಲ್ಲೇ ನಿಂತು ನಿಧಾನಕ್ಕೆ ಬಳುಕಬೇಕು. ಡೋಲು ಬಂದರೆ ಸೊಂಟಕ್ಕೆ ಕೆಲಸ. ಆರು ತಿಂಗಳು ಅವಳು ಇದನ್ನೇ ಅಭ್ಯಾಸ ಮಾಡಿದಳು. ಎಷ್ಟೋ ದಿನ ಸಾರು ತಳ ಹಿಡಿಯಿತು. ನಾನು ದೂರಲಿಲ್ಲ.

ಪ್ರದರ್ಶನಕ್ಕೆ ಹತ್ತು ದಿನ ಇದ್ದಾಗ ಅವಳು ಹೇಳಿದಳು, "ರೀ, ನಿಮ್ಮ ಫೋನಿಗೆ ಮೇಡಂ ಮ್ಯೂಸಿಕ್ ಕಳಿಸಿದಾರೆ. ಕ್ಲಾಸಿಕಲ್ ಆರ್ಕೆಸ್ಟ್ರಾ. ಶನಿವಾರ ಅದು ಹಾಲ್‌ಗೆ ಬರೋ ಹಾಗೆ ನೋಡ್ಕೊಳ್ಳಿ."

"ಮುಗೀತು ಅಂದ್ಕೋ," ಎಂದೆ.

ಪೆನ್ ಡ್ರೈವ್‌ಗೆ ಹಾಕಿಕೊಂಡು ಬನ್ನಿ ಎಂಬುದು ಅವಳ ಮಾತಿನ ಅರ್ಥ. ಆದರೆ ನಮ್ಮ ಈ ಸೀಮೆಯಲ್ಲಿ ಆರ್ಕೆಸ್ಟ್ರಾ ಎಂದರೆ ಮದುವೆ ಮನೆಗಳಲ್ಲಿ ಸಿನಿಮಾ ಹಾಡು ಹೇಳುವ ತಂಡ. ಹೆಂಡತಿಗೆ ಆರ್ಕೆಸ್ಟ್ರಾ ಬೇಕು, ಸ್ಯಾಂಪಲ್ ಫೋನಿಗೆ ಬಂದಿದೆ, ಇನ್ನು ಮಾಲು ತಯಾರಾಗಬೇಕು ಎಂದು ನಾನು ತೀರ್ಮಾನಿಸಿದೆ. ಕೊಯಮತ್ತೂರು ಬಳಿಯ ಕಿಣತ್ತುಕಡವಿನಲ್ಲಿರುವ ಪರಿಚಯದ ನಂಜಪ್ಪಣ್ಣನಿಗೆ ಫೋನ್ ಮಾಡಿದೆ. ಅವರದು ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡ ಒಕ್ಕಲು ಮನೆತನ. ಹೊಲದಲ್ಲಿ ಟೊಮೆಟೊ, ಅವರ ಬಾಯಲ್ಲಿ ತಕ್ಕಾಳಿ, ಬೆಳೆಯುತ್ತಾರೆ, ಮುಹೂರ್ತದ ದಿನಗಳಲ್ಲಿ ಆರ್ಕೆಸ್ಟ್ರಾ ನಡೆಸುತ್ತಾರೆ.

"ಕ್ಲಾಸಿಕಲ್ಲಾ ತಮ್ಮಾ? ಕವಲೆಪಡಬೇಡ. ನಮ್ಮ ಹತ್ರ ಪಿಟೀಲಿನ ಪಳನಿಸಾಮಿ ಇದ್ದಾರೆ, ಕಂಡಿಪ್ಪಾ ಮಾಡೋಣ," ಎಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ, ಚಿಂತೆ ಬೇಡ, ಖಂಡಿತ ಆಗುತ್ತದೆ ಎಂಬ ಭರವಸೆ ಕೊಟ್ಟರು.

ಸ್ಯಾಂಪಲ್ ಕಳಿಸಿದೆ. ಮೂರು ದಿನ ಬಿಟ್ಟು ವಿಚಾರಿಸಿದೆ.

"ನಾನು ಪೂರಾ ಕೇಳ್ಲಿಲ್ಲಪ್ಪ, ತಕ್ಕಾಳಿ ಕೀಳೋ ವೇಲೆ ಜಾಸ್ತಿ. ಪಳನಿಸಾಮಿ ಕೇಳ್ತಾ ಇದ್ದಾರೆ. ನೀನು ತೈರ್ಯವಾ ಇರು."

ಧೈರ್ಯವಾಗಿಯೇ ಇದ್ದೆ. ಸುಧಾಗೆ ಅಚ್ಚರಿ ಆಗಲಿ ಎಂದು ಬಾಯಿಬಿಡಲೂ ಇಲ್ಲ.

ಶನಿವಾರ ಮಧ್ಯಾಹ್ನ ಉಳಿದವರ ನೃತ್ಯಗಳೆಲ್ಲ ಮುಗಿದು ಸುಧಾಳ ಸರದಿ ಬರುವ ಹೊತ್ತಿಗೆ ಹಾಲ್‌ನ ಬಾಗಿಲಿಗೆ ಟೆಂಪೋ ಬಂದು ನಿಂತಿತು. ಮಿಂಚುವ ಕೆಂಪು ಕೋಟು ತೊಟ್ಟ ಏಳು ಜನ ಕೀಬೋರ್ಡು, ಡೋಲಕ್ಕು, ಆಳೆತ್ತರದ ಎರಡು ಸ್ಪೀಕರ್‌ಗಳ ಸಮೇತ ಒಳಬಂದರು. ಗಾಯಕ ಮೈಕಿಗೆ ಉಫ್ ಉಫ್ ಎಂದು ಊದಿದ.

ಸೊಂಟಕ್ಕೆ ಗೆಜ್ಜೆಪಟ್ಟಿ ಬಿಗಿದುಕೊಂಡು ಪರದೆಯ ಪಕ್ಕ ನಿಂತಿದ್ದ ಸುಧಾ ಮೆಲ್ಲಗೆ ಕೇಳಿದಳು, "ಇವರೆಲ್ಲ ಯಾರು?"

"ನಿನ್ನ ಆರ್ಕೆಸ್ಟ್ರಾ."

"ಪೆನ್ ಡ್ರೈವ್ ಎಲ್ಲಿ ರೀ?" ಎಂದಳು. ರೇವತಿ ಮೇಡಂ ಸಮಾಧಾನದಿಂದಲೇ, ಸಂಗೀತ ತಮ್ಮ ಲ್ಯಾಪ್‌ಟಾಪಿನಲ್ಲೂ ಇದೆ, ಅದನ್ನೇ ಹಾಕೋಣ ಎಂದರು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಅಷ್ಟರಲ್ಲಿ ನಾನು, ನನ್ನಿಂದಲೂ ಏನಾದರೂ ಸಹಾಯವಾಗಲಿ ಎಂದು, ನಂಜಪ್ಪಣ್ಣನ ಆಂಪ್ಲಿಫೈಯರ್ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದೆ.

ಟಪ್ ಎಂದಿತು. ಫ್ಯಾನು, ದೀಪ, ಹಾಲ್‌ನ ಸ್ಪೀಕರು ಎಲ್ಲವೂ ನಿಂತವು.

ಎಲೆಕ್ಟ್ರಿಷಿಯನ್ ಬರಲು ಒಂದು ಗಂಟೆ ಬೇಕು. ಅರ್ಧ ಗಂಟೆಯೊಳಗೆ ಹಾಲ್ ಬೇರೆಯವರಿಗೆ ಬಿಟ್ಟುಕೊಡಬೇಕು. ಲ್ಯಾಪ್‌ಟಾಪಿನ ಸಂಗೀತ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಕೇಳಿಸುತ್ತಿತ್ತು. ಸುಧಾ ಕುರ್ಚಿಯ ಮೇಲೆ ಕುಳಿತು ಸೊಂಟದ ಗೆಜ್ಜೆಪಟ್ಟಿಯ ಗಂಟು ಬಿಚ್ಚತೊಡಗಿದಳು. ಸಾರು ತಳ ಹಿಡಿದ ದಿನಗಳೆಲ್ಲ ನನಗೆ ಒಟ್ಟಿಗೆ ನೆನಪಾದವು.

ಆಗ ಎದ್ದು ಬಂದವರು ಪಳನಿಸಾಮಿ. ಎಪ್ಪತ್ತು ದಾಟಿದವರು, ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ತಮಿಳಿನಲ್ಲಿ ಏನೋ ಹೇಳಿದರು. ನಂಜಪ್ಪಣ್ಣ ಸುಧಾಗೆ ಕನ್ನಡದಲ್ಲಿ ಹೇಳಿದರು, "ಅಮ್ಮಾ, ಅವರು ಹತ್ತು ದಿನವಾ ಅದನ್ನೇ ಕೇಳಿದ್ದಾರಂತೆ. ಪಿಟೀಲಿಗೆ ಕರೆಂಟು ಬೇಡ ಅಂತಾರೆ."

ಯಾರೋ ಕಿಟಕಿಗಳನ್ನು ತೆರೆದರು. ಪಳನಿಸಾಮಿ ಪಿಟೀಲನ್ನು ಎದೆಗಾನಿಸಿ ಕಮಾನು ಎಳೆದರು. ನಲವತ್ತು ಪಿಟೀಲುಗಳ ಜಾಗದಲ್ಲಿ ಒಂದೇ ಒಂದು, ಆದರೂ ನಮ್ಮ ಅಡುಗೆಮನೆಯಲ್ಲಿ ಕೇಳಿದ್ದ ಅದೇ ಸಂಗೀತ. ಸುಧಾ ತಲೆಯೆತ್ತಿದಳು. ಗಂಟು ಮತ್ತೆ ಬಿಗಿದುಕೊಂಡು ಎದ್ದಳು.

ತೇಲುತ್ತಲೇ ಬಂದಳು. ಕೊಳಲಿನ ಭಾಗವನ್ನೂ ಅವರು ಪಿಟೀಲಿನಲ್ಲೇ ಎಳೆದರು. ಡೋಲಕ್ಕಿನವರಿಗೆ ಮಾತ್ರ ಆ ತಾಳ ಗೊತ್ತಿರಲಿಲ್ಲ. ಅವರು ಸುಧಾಳ ಸೊಂಟವನ್ನು ನೋಡಿಕೊಂಡು ಬಾರಿಸಿದರು. ಒಂದು ಕಡೆ ಕೈ ತಪ್ಪಿ ಮದುವೆ ಮೆರವಣಿಗೆಯ ಗತ್ತಿಗೆ ಹೊರಳಿತು. ಸುಧಾ ನಕ್ಕು, ಆ ಗತ್ತಿಗೂ ನಾಲ್ಕು ಹೆಜ್ಜೆ ಹಾಕಿ, ಎಲ್ಲರನ್ನೂ ಮತ್ತೆ ಈಜಿಪ್ಟಿಗೆ ಕರೆದುಕೊಂಡು ಹೋದಳು. ಹಾಡಲು ಕೆಲಸವಿಲ್ಲದ ಗಾಯಕ ಚಪ್ಪಾಳೆಯಲ್ಲಿ ತಾಳ ಹಿಡಿದ. ಹುಮ್ಮಸ್ಸಿನಲ್ಲಿ ನಾನೂ ಶುರು ಮಾಡಿದೆ. ರೇವತಿ ಮೇಡಂ ನನ್ನ ಕೈ ಹಿಡಿದು ಕೆಳಗಿಳಿಸಿದರು.

ಮುಗಿದಾಗ ಹಾಲ್‌ಗೆ ಹಾಲೇ ಎದ್ದು ನಿಂತಿತ್ತು. ಸುಧಾ ಪಳನಿಸಾಮಿಯವರ ಕಾಲಿಗೆ ನಮಸ್ಕರಿಸಿದಳು. ನಾನು ಕೈಮುಗಿದೆ. ಅವರೇ ನನ್ನ ಎರಡೂ ಕೈ ಹಿಡಿದುಕೊಂಡು, ಮೂವತ್ತು ವರ್ಷ ಅವೇ ಸಿನಿಮಾ ಹಾಡುಗಳನ್ನು ನುಡಿಸಿ ಬೇಸತ್ತಿದ್ದೆ, ಇಂಥದ್ದೊಂದು ಕಿವಿಗೆ ಬೀಳುವಂತೆ ಮಾಡಿದಿರಿ, ರೊಂಬ ನನ್ರಿ ಎಂದರು. ಮಾಡಿದ್ದೆಲ್ಲ ತಪ್ಪೇ ಆದರೂ ನನಗೆ ಕೃತಜ್ಞತೆ ಸಂದಿತು. ಸಂಕೋಚದಿಂದ ಸ್ವೀಕರಿಸಿದೆ.

ಮನೆಗೆ ಬರುವಾಗ ಕಾರಿನಲ್ಲಿ ಸುಧಾ ಗೆಜ್ಜೆಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿದಳು. ಆಮೇಲೆ, "ರೆಕಾರ್ಡಿಗೆ ಕುಣಿದಿದ್ರೆ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ ರೀ. ಥ್ಯಾಂಕ್ಸ್," ಎಂದಳು.

ಮುಂದಿನ ಪ್ರದರ್ಶನಕ್ಕೆ ರೇವತಿ ಮೇಡಂ ಪಳನಿಸಾಮಿ ಮತ್ತು ಡೋಲಕ್ಕಿನವರನ್ನು ಈಗಲೇ ಗೊತ್ತು ಮಾಡಿದ್ದಾರೆ. ನನಗೂ ಅವರೇ ಫೋನ್ ಮಾಡಿ ಆದರದಿಂದ ಕರೆದರು. ಜಾಗ ಕೂಡ ಕಾದಿರಿಸಿದ್ದಾರಂತೆ. ಸಾಲಿನ ನಟ್ಟನಡುವೆ, ಗೋಡೆಯ ಯಾವ ಪ್ಲಗ್ಗಿಗೂ ಕೈ ಎಟುಕದ ಕುರ್ಚಿ.